ಕಲ್ಲುಹಾದಿಯ ಸೈಕಲ್ಲಿಗೆ ನಾವು ಏನು ಹೇಳೋಣ?

ಮಲೆನಾಡಿನ ಗುಡ್ಡಗಳಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಅತಿಥಿಗಳು ಬರತೊಡಗಿದ್ದಾರೆ. ದಪ್ಪ ಟೈರು, ಕುಲುಕಾಟ ತಡೆಯುವ ಫೋರ್ಕು, ಡಿಸ್ಕ್ ಬ್ರೇಕುಗಳಿರುವ ಸೈಕಲ್ಲುಗಳನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಶನಿವಾರ ಬೆಳಗಾಗುವುದರೊಳಗೆ ಅವರು ಊರಿಗೆ ತಲುಪುತ್ತಾರೆ. ನಾವು ದರಗು ತರಲು, ದನ ಅಟ್ಟಲು, ಪಕ್ಕದೂರಿನ ನೆಂಟರ ಮನೆಗೆ ಹೋಗಲು ನಡೆದ ಕಾಲುದಾರಿಗಳೇ ಅವರಿಗೆ ಬೇಕು. ಅದರಲ್ಲೂ ಕಲ್ಲು, ಬೇರು, ಕೊರಕಲುಗಳಿಂದ ತುಂಬಿದ ಕಡಿದಾದ ದಾರಿಯೆಂದರೆ ಅವರಿಗೆ ಹಬ್ಬ. ನಮ್ಮ ಹುಡುಗರೂ ಕೆಲವರು ಈ ಆಟಕ್ಕೆ ಮನಸೋತಿದ್ದಾರೆ.

ಇದನ್ನು ಕುರಿತು ಹಳ್ಳಿಗಳಲ್ಲಿ ಎರಡು ಮಾತು ಕೇಳಿಬರುತ್ತಿದೆ. ಗುಡ್ಡಕ್ಕೆ ಯಾವ ಚಕ್ರವೂ ಬೇಡ, ಜೀಪಿನಂತೆ ಸೈಕಲ್ಲನ್ನೂ ಗಡಿಯಲ್ಲೇ ನಿಲ್ಲಿಸಬೇಕು ಎಂಬುದು ಒಂದು. ಬರುವವರು ಬರಲಿ, ನಾಲ್ಕು ಕಾಸು ಊರಿಗೆ ಸೇರಲಿ, ಅವರಿಗಾಗಿಯೇ ಬೆಟ್ಟದಲ್ಲಿ ಹೊಸ ಹಾದಿ ಕಡಿಸೋಣ ಎಂಬುದು ಇನ್ನೊಂದು. ಈ ಎರಡೂ ಅವಸರದ ತೀರ್ಮಾನಗಳೆಂದು ನನ್ನ ಭಾವನೆ. ಸೈಕಲ್ಲನ್ನು ಜೀಪಿನ ಸಾಲಿಗೆ ಸೇರಿಸಿ ಓಡಿಸುವುದು ನ್ಯಾಯವಲ್ಲ. ಪಾದಚಾರಿಯ ಸಾಲಿಗೆ ಸೇರಿಸಿ ಸುಮ್ಮನೆ ಬಿಟ್ಟುಬಿಡುವುದು ವಿವೇಕವಲ್ಲ. ಯಾವ ಹಾದಿಯಲ್ಲಿ, ಯಾವ ಋತುವಿನಲ್ಲಿ, ಎಷ್ಟು ಜನ, ಯಾರ ಒಪ್ಪಿಗೆಯಿಂದ ಎಂಬುದನ್ನು ಊರವರೇ ಕುಳಿತು ನಿರ್ಧರಿಸಬೇಕು. ಆ ಚರ್ಚೆಗೆ ಒದಗಬಹುದಾದ ಕೆಲವು ಸಂಗತಿಗಳನ್ನು ಓದುಗ ಮಿತ್ರರ ಮುಂದಿಡುತ್ತಿದ್ದೇನೆ.

ಸಿಟ್ಟಿಗೆ ಕಾರಣವಿದೆ

ಚಕ್ರವೇ ಬೇಡವೆನ್ನುವವರ ಸಿಟ್ಟು ನಿರಾಧಾರವಲ್ಲ. ಚಂದ್ರದ್ರೋಣ ಪರ್ವತಸಾಲಿನ ಹುಲ್ಲುಗಾವಲುಗಳ ಮೇಲೆ ವಾಹನಗಳ ಒತ್ತಡ ಎಷ್ಟು ಏರಿತೆಂದರೆ, 2025ರಲ್ಲಿ ಮುಳ್ಳಯ್ಯನಗಿರಿ ಭಾಗಕ್ಕೆ ಬರುವ ವಾಹನಗಳ ಸಂಖ್ಯೆಗೆ ಮಿತಿ ಹಾಕಿ ಮುಂಗಡ ನೋಂದಣಿಯ ಕ್ರಮ ತರಬೇಕಾಯಿತು. 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ಚಾರಣಿಗರು ಸಾವಿರಗಟ್ಟಲೆ ಸೇರಿದ ಮೇಲೆ ಮುಂಗಡ ನೋಂದಣಿ ಇಲ್ಲದ ಚಾರಣಗಳನ್ನು ಸರ್ಕಾರ ತಡೆಹಿಡಿಯಿತು. ಆಗ ಬಂದವರಲ್ಲಿ ಚಕ್ರವೇರಿ ಬೆಟ್ಟ ಹತ್ತಿದವರು ಯಾರೂ ಇರಲಿಲ್ಲ, ಎಲ್ಲರೂ ಕಾಲ್ನಡಿಗೆಯವರು ಎಂಬುದನ್ನೂ ಮರೆಯಬಾರದು. ಹಾಳುಮಾಡುವುದು ಚಕ್ರ ಮಾತ್ರವಲ್ಲ, ಸಂಖ್ಯೆಯೂ ಹೌದು.

ಜೀಪಿನ ಕತೆ ಬೇರೆ. ಒಂದು ಟನ್ನಿಗೂ ಮಿಕ್ಕಿದ ಭಾರ, ನಾಲ್ಕು ಚಕ್ರಕ್ಕೂ ಹರಿಯುವ ಎಂಜಿನ್ನಿನ ಬಲ. ಅದು ಏರಲಾಗದೆ ಚಕ್ರ ಸುತ್ತಿದ ಜಾಗದಲ್ಲಿ ಹುಲ್ಲಿನ ಬೇರು ಸಮೇತ ಮಣ್ಣು ಮೇಲೇಳುತ್ತದೆ. ಜೀಪಿಗೆಂದು ಅಗಲಿಸಿದ ದಾರಿಗೆ ಗುಡ್ಡದ ಕಡೆ ಧರೆ ಕಡಿಯಲೇಬೇಕು. ಕಡಿದ ಧರೆ ಮಳೆಗಾಲದಲ್ಲಿ ಏನು ಮಾಡುತ್ತದೆ ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾದ ಶಿರೂರು ನಮ್ಮ ಕಣ್ಣೆದುರಿಗೇ ಇವೆ. ಒಂದು ಮೊಳ ಅಗಲದ ಕಾಲುದಾರಿಗೆ ಯಾರೂ ಧರೆ ಕಡಿಯುವುದಿಲ್ಲ. ಸೈಕಲ್ಲಿಗೆ ಬೇಕಾದದ್ದೂ ಅಷ್ಟೇ ಅಗಲದ ದಾರಿ. ಈ ಮೂಲಭೂತ ವ್ಯತ್ಯಾಸವನ್ನು ಮರೆತು ಎಲ್ಲ ಚಕ್ರಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ, ನಿಜವಾಗಿ ತಡೆಯಬೇಕಾದ ಜೀಪು, ಮೋಟಾರ್ ಬೈಕುಗಳ ವಿರುದ್ಧದ ನಮ್ಮ ವಾದವೇ ದುರ್ಬಲವಾಗುತ್ತದೆ.

ಹುಟ್ಟಿದೂರಿನಲ್ಲೇ ಜಗಳ

ಈ ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಪ್ರಾಂತ್ಯದಲ್ಲಿ, ತಮಾಲ್‌ಪೈಸ್ ಬೆಟ್ಟದ ಸುತ್ತಮುತ್ತ. 1930-40ರ ಕಾಲದ ಭಾರವಾದ ಹಳೆಯ ಸೈಕಲ್ಲುಗಳನ್ನು ಅಲ್ಲಿನ ಯುವಕರು ಗುಡ್ಡಕ್ಕೆ ಏರಿಸಿ ಇಳಿಜಾರಿನಲ್ಲಿ ಬಿಡುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅಲ್ಲಿ ಮೊದಲ ಪಂದ್ಯ ನಡೆಯಿತು. ಸುಮಾರು 3.4 ಕಿಲೋಮೀಟರಿನಲ್ಲಿ 400 ಮೀಟರಿನಷ್ಟು ಇಳಿಯುವ ಮಣ್ಣುದಾರಿ ಅದು. ಹಿಂಚಕ್ರದ ಗುಂಬದೊಳಗಿನ ಬ್ರೇಕು ಕಾದು ಗ್ರೀಸು ಸುಟ್ಟು ಹೊಗೆಯಾಡುತ್ತಿತ್ತು. ಪ್ರತಿ ಸಲ ಇಳಿದ ಮೇಲೂ ಹೊಸ ಗ್ರೀಸು ತುಂಬಬೇಕಾಗಿತ್ತು. ಆದ್ದರಿಂದಲೇ ಆ ದಾರಿಗೆ 'ರಿಪ್ಯಾಕ್' ಎಂಬ ಹೆಸರು ಬಂತು. ಮುಂದೆ ಜೋ ಬ್ರೀಝ್, ಟಾಮ್ ರಿಚಿ, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಮೊದಲಾದವರು ಇದಕ್ಕೆಂದೇ ಸೈಕಲ್ಲು ಕಟ್ಟಲು, ಮಾರಲು ತೊಡಗಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಅದು ಪದಕದ ಕ್ರೀಡೆಯೇ ಆಯಿತು.

ನಮಗೆ ಮುಖ್ಯವಾದದ್ದು ನಡುವೆ ನಡೆದ ಕತೆ. ಆಟ ಹುಟ್ಟಿದ ಅದೇ ಬೆಟ್ಟದಲ್ಲಿ 1980ರ ದಶಕದಲ್ಲಿ ಪಾದಚಾರಿಗಳೂ ಸೈಕಲ್ಲಿನವರೂ ಮುಖಾಮುಖಿಯಾದರು. ತಿರುವಿನಲ್ಲಿ ಹಠಾತ್ತನೆ ಎದುರಾಗುವ ಸವಾರರಿಂದ ಮುದುಕರೂ ಕುದುರೆಗಳೂ ಬೆದರಿದುವು. ಕೊನೆಗೆ ಜಲಾನಯನ ಭೂಮಿಯ ಇಕ್ಕಟ್ಟಾದ ಕಾಲುದಾರಿಗಳಲ್ಲಿ ಸೈಕಲ್ಲನ್ನು ನಿಷೇಧಿಸಲಾಯಿತು. ಅಗಲದಾರಿಗಳಲ್ಲಿ ಗಂಟೆಗೆ 15 ಮೈಲಿ, ಮುಂದೆ ಕಾಣದ ತಿರುವುಗಳಲ್ಲಿ 5 ಮೈಲಿ ಎಂಬ ವೇಗಮಿತಿ ಬಂತು. ಸಂರಕ್ಷಿತ ನಿರ್ಜನ ಅರಣ್ಯಗಳಲ್ಲಿ ಯಾಂತ್ರಿಕ ಸಾಗಣೆಯನ್ನು ತಡೆಯುವ 1964ರ ಕಾಯ್ದೆ ಸೈಕಲ್ಲಿಗೂ ಅನ್ವಯವಾಯಿತು. ಬಾಗಿಲುಗಳು ಮುಚ್ಚುತ್ತಿರುವುದನ್ನು ಕಂಡ ಮೇಲೆ, 1988ರಲ್ಲಿ ಕ್ಯಾಲಿಫೋರ್ನಿಯಾದ ಸೈಕಲ್ ಸಂಘಗಳು ಒಂದಾಗಿ ಸವಾರರಿಗೆ ನಡವಳಿಕೆಯ ನಿಯಮ ರೂಪಿಸಿ, ತಾವೇ ಹಾದಿ ದುರಸ್ತಿಗೆ ಇಳಿದವು. ಜಗಳವಾಡಿ, ನಿಷೇಧವಾಗಿ, ಆಮೇಲೆ ಬುದ್ಧಿ ಕಲಿಯುವ ಈ ಕ್ರಮವನ್ನು ನಾವು ಮೊದಲಿಂದ ಮತ್ತೆ ಆಡಬೇಕಾಗಿಲ್ಲ. ಜಗಳಕ್ಕೆ ಮೊದಲೇ ನಿಯಮ ಮಾಡುವ ಅವಕಾಶ ನಮಗಿದೆ.

ಮಣ್ಣು ಹೇಳುವ ಮಾತು

ಸೈಕಲ್ಲಿನಿಂದ ಹಾದಿ ಎಷ್ಟು ಹಾಳಾಗುತ್ತದೆ? ಈ ಪ್ರಶ್ನೆಯನ್ನು ಅಳೆದು ನೋಡಿದವರಿದ್ದಾರೆ. 1994ರಲ್ಲಿ ಪ್ರಕಟವಾದ ಮೊಂಟಾನಾ ಬೆಟ್ಟಗಳ ಅಧ್ಯಯನದಲ್ಲಿ ಪಾದಚಾರಿ, ಕುದುರೆ, ಮೋಟಾರ್ ಬೈಕು, ಸೈಕಲ್ಲು ಈ ನಾಲ್ಕನ್ನೂ ಹೋಲಿಸಲಾಯಿತು. ನೆನೆದ ಹಾದಿಯಲ್ಲಿ ಚಕ್ರಗಳಿಗಿಂತ ಗೊರಸು ಮತ್ತು ಪಾದಗಳೇ ಹೆಚ್ಚು ಮಣ್ಣನ್ನು ಸಡಿಲಿಸಿದ್ದು ಕಂಡುಬಂತು. 2001ರ ಒಂಟಾರಿಯೊ ಅಧ್ಯಯನದಲ್ಲಿ ಎಲೆಯುದುರುವ ಕಾಡಿನ ನೆಲದ ಮೇಲೆ 500 ಬಾರಿಯವರೆಗೆ ನಡೆದು, ಸೈಕಲ್ಲು ಓಡಿಸಿ ನೋಡಿದರು. ಗಿಡಗಂಟಿ, ಮಣ್ಣುಗಳ ಮೇಲಾದ ಪರಿಣಾಮದಲ್ಲಿ ಎರಡಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಇಷ್ಟನ್ನು ಹಿಡಿದುಕೊಂಡು ಸೈಕಲ್ಲು ನಿರಪಾಯಕಾರಿ ಎಂದು ಸಾರುವವರು ಮೂರು ಮಾತನ್ನು ಮರೆಯುತ್ತಾರೆ. ಒಂದು, ಆ ಅಧ್ಯಯನಗಳು ಒಂದು ಹೆಜ್ಜೆಗೂ ಒಂದು ಸುತ್ತಿಗೂ ಮಾಡಿದ ಹೋಲಿಕೆಗಳು. ಸೈಕಲ್ಲಿನವನು ಒಂದು ದಿನದಲ್ಲಿ ಪಾದಚಾರಿಗಿಂತ ಎಷ್ಟೋ ಹೆಚ್ಚು ದೂರ ಕ್ರಮಿಸುತ್ತಾನೆ. ಅಷ್ಟೂ ದೂರಕ್ಕೆ ಅವನ ಗುರುತು ಬೀಳುತ್ತದೆ. ಎರಡು, ಅನನುಭವಿ ಸವಾರ ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನು ಬಿಗಿಹಿಡಿದು ಚಕ್ರವನ್ನು ಎಳೆದುಕೊಂಡು ಹೋದರೆ ನೆಲದಲ್ಲಿ ನೇರವಾದ ಗೀರು ಬೀಳುತ್ತದೆ. ಪಾದದ ಗುರುತುಗಳು ಬಿಡಿಬಿಡಿ, ಈ ಗೀರು ಅಖಂಡ. ಮಳೆನೀರಿಗೆ ಅದು ಸಿದ್ಧವಾದ ಕಾಲುವೆ. ಮೂರು, ಆ ಬೆಟ್ಟಗಳ ಮಳೆ ನಮ್ಮ ಮಳೆಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬೇಸಗೆಯಲ್ಲಿ ಬೆರಳಷ್ಟು ಆಳದ ಗೀರು ಆಷಾಢ ಕಳೆಯುವ ಹೊತ್ತಿಗೆ ಮೊಣಕಾಲುದ್ದದ ಕೊರಕಲಾಗಬಹುದು.

ಹಾದಿಯ ನಿರ್ಮಾಣದಲ್ಲಿಯೂ ಒಂದು ಲೆಕ್ಕವಿದೆ. ಹಾದಿಯ ಇಳಿಜಾರು ಅದು ಹಾಯುವ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು, ಒಟ್ಟಾರೆ ಸರಾಸರಿ ನೂರಕ್ಕೆ ಹತ್ತರೊಳಗೆ ಇರಬೇಕು ಎನ್ನುತ್ತಾರೆ ಹಾದಿ ಕಟ್ಟುವವರು. ಹಾಗಿದ್ದರೆ ನೀರು ಹಾದಿಯನ್ನು ಅಡ್ಡ ದಾಟಿ ಕೆಳಗಿಳಿಯುತ್ತದೆ, ಇಲ್ಲವಾದರೆ ಹಾದಿಯೇ ಹಳ್ಳವಾಗುತ್ತದೆ. ನಮ್ಮ ಹಿರಿಯರು ಹೇರೆತ್ತುಗಳನ್ನು ಹೊಡೆದುಕೊಂಡು ಕರಾವಳಿಯಿಂದ ಉಪ್ಪು ತರುತ್ತಿದ್ದ ಘಾಟಿದಾರಿಗಳನ್ನು ಗಮನಿಸಿ. ಗುಡ್ಡವನ್ನು ನೇರವಾಗಿ ಹತ್ತದೆ ಬಳಸಿ ಬಳಸಿ ಏರುತ್ತವೆ. ಎತ್ತಿನ ಉಸಿರು ಕಾಯಲು ಮಾಡಿದ ಈ ಬಳಸು ಮಣ್ಣನ್ನೂ ಕಾಯಿತು. ಹೊಸದಾಗಿ ಬೆಟ್ಟ ಕಡಿದು 'ಸಾಹಸದ ಇಳಿಜಾರು' ಮಾಡಹೊರಟವರಿಗೆ ಈ ಅರ್ಧದ ಲೆಕ್ಕ ಗೊತ್ತಿರುವುದು ಅಪರೂಪ.

ಕಲ್ಲು ಕಲಿಸುವ ಪಾಠ

ನನ್ನ ಗೆಳೆಯನೊಬ್ಬ ನಮ್ಮ ಪಕ್ಕದೂರಿನ ಅಡಿಕೆ ಕೃಷಿಕ. ಕೊಯ್ಲು ಮುಗಿದು ಸುಗ್ಗಿ ಸಂಸ್ಕರಣೆಯ ಗದ್ದಲ ಕಳೆದ ಮೇಲೆ ನಾವಿಬ್ಬರೂ ಸೈಕಲ್ಲು ಹಿಡಿದು ಗೋಮಾಳ, ಬೇಣಗಳ ಅಂಚಿನ ಹಳೆಯ ಗಾಡಿದಾರಿಗೆ ಹೋಗುವುದುಂಟು. ಕಾನಿನೊಳಗೆ ಹೋಗುವುದಿಲ್ಲ. ಈ ದಾರಿಯ ಒಂದು ಭಾಗ ಬರೀ ಬಂಡೆ. ಜಂಬಿಟ್ಟಿಗೆಯ ಮೆಟ್ಟಿಲುಗಳು, ಉರುಟು ಕಲ್ಲುಗಳು, ನಡುವೆ ಒಂದು ಚಕ್ರ ಹಿಡಿಯುವಷ್ಟೇ ಸಂದು.

ಇಂತಹ ದಾರಿಯನ್ನು ವೇಗದಿಂದ ದಾಟಲು ಸಾಧ್ಯವಿಲ್ಲ. ಸೀಟಿನಿಂದ ಮೇಲೆದ್ದು, ಪೆಡಲುಗಳನ್ನು ಸಮನಾಗಿ ನಿಲ್ಲಿಸಿ, ಮೊಣಕೈ ಮೊಣಕಾಲುಗಳನ್ನು ಸಡಿಲಬಿಟ್ಟು, ಮೈಭಾರವನ್ನು ಹಿಂದಕ್ಕೂ ಕೆಳಕ್ಕೂ ಸರಿಸಬೇಕು. ಕಣ್ಣು ಮುಂಚಕ್ರದ ಬುಡದಲ್ಲಿರಬಾರದು, ಎರಡು ಮಾರು ಮುಂದಿರಬೇಕು. ನೋಡಿದ ಕಡೆಗೇ ಚಕ್ರ ಹೋಗುತ್ತದೆ, ತಪ್ಪಿಸಬೇಕಾದ ಕಲ್ಲನ್ನೇ ದಿಟ್ಟಿಸಿದರೆ ಅದಕ್ಕೇ ಹೋಗಿ ಬಡಿಯುತ್ತದೆ. ಟೈರಿನ ಗಾಳಿ ಕೊಂಚ ಕಡಿಮೆ ಇದ್ದರೆ ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಎರಡೂ ಬ್ರೇಕುಗಳನ್ನು ಒಂದೊಂದು ಬೆರಳಲ್ಲಿ ಮಿಡಿಯಬೇಕು, ಹಿಡಿದು ನಿಲ್ಲಬಾರದು. ಒಬ್ಬ ಇಳಿಯುವಾಗ ಇನ್ನೊಬ್ಬ ಕೆಳಗೆ ನಿಂತು ನೋಡುತ್ತಾನೆ. ಬಿದ್ದರೆ ಎತ್ತಲಿಕ್ಕೆ, ಎದುರಿನಿಂದ ಯಾರಾದರೂ ಬಂದರೆ ಕೂಗಲಿಕ್ಕೆ. ಫೋನಿನ ಸಿಗ್ನಲ್ ಸಿಗದ, ಆಸ್ಪತ್ರೆ ಮೂವತ್ತು ಮೈಲಿ ದೂರವಿರುವ ಜಾಗದಲ್ಲಿ ಒಬ್ಬನೇ ಹೋಗುವುದು ಶೌರ್ಯವಲ್ಲ. ಇಬ್ಬರು ಸಾಕು, ನಾಲ್ವರು ಹೆಚ್ಚು, ಇಪ್ಪತ್ತು ಮಂದಿ ಎಂದರೆ ಅದು ಮೆರವಣಿಗೆ.

ಕಲ್ಲಿನ ದಾರಿಯಲ್ಲಿ ನಾನು ಗಮನಿಸಿದ ಸಂಗತಿಯೊಂದಿದೆ. ಬಂಡೆಯ ಮೇಲೆ ಚಕ್ರ ಹೋದರೆ ಬಂಡೆಗೆ ಏನೂ ಆಗುವುದಿಲ್ಲ. ಹಾನಿಯಾಗುವುದು ಬಂಡೆಯ ಪಕ್ಕದಲ್ಲಿ. ಏರಲು ಧೈರ್ಯವಿಲ್ಲದ ಸವಾರ ಕಲ್ಲನ್ನು ಬಳಸಿ ಬದಿಯ ಹುಲ್ಲಿನ ಮೇಲೆ ಹೋಗುತ್ತಾನೆ. ಅವನ ಹಿಂದೆ ಬಂದವನಿಗೆ ಅದೇ ದಾರಿ. ಮೂರನೆಯವನು ಅಲ್ಲಿ ಕೆಸರಾಯಿತೆಂದು ಇನ್ನೂ ಆಚೆಗೆ ಹೋಗುತ್ತಾನೆ. ಹೀಗೆ ಒಂದು ಮೊಳದ ಹಾದಿ ಎರಡು ಮಾರು ಅಗಲವಾಗಿ, ಕವಲೊಡೆದು, ಎಲ್ಲ ಕವಲುಗಳಲ್ಲೂ ನೀರು ಹರಿಯುತ್ತದೆ. ಕಠಿಣ ಹಾದಿಯಿಂದ ಗುಡ್ಡಕ್ಕೆ ಅಪಾಯವಿಲ್ಲ, ಕಠಿಣವನ್ನು ಸುಲಭ ಮಾಡಿಕೊಳ್ಳುವ ಚಟದಿಂದ ಅಪಾಯ. ಆದ್ದರಿಂದ ನನ್ನ ಗೆಳೆಯನ ನಿಯಮ ಬಹಳ ಸರಳ: "ದಾಟಕ್ಕಾದ್ರೆ ದಾಟು, ಆಗ್ದಿದ್ರೆ ಇಳಿದು ಹೊತ್ಕಂಡು ನಡಿ. ಸುತ್ತು ಹೊಡಿಬೇಡ." ಸೈಕಲ್ಲಿನ ತೂಕ ಹೆಚ್ಚೆಂದರೆ ಹದಿನೈದು ಕಿಲೋ. ಹೊರೆ ಹೊತ್ತು ಬೆಳೆದ ಊರಿನವರಿಗೆ ಅದೇನು ಭಾರವೇ?

ದಾರಿ ಯಾರದು?

ಕಳೆದ ಮಾಗಿಯಲ್ಲಿ ಅದೇ ದಾರಿಯಲ್ಲಿ ದರಗಿನ ಹೆಡಿಗೆ ಹೊತ್ತ ವೃದ್ಧೆಯೊಬ್ಬರು ಎದುರಾದರು. ನಾವು ಇಳಿದು ಪಕ್ಕಕ್ಕೆ ಸರಿದೆವು. "ಎಂಥಾ ಮಾರಾಯಾ, ನಿಮಗೆ ಡಾಂಬರು ರಸ್ತೆ ಕಾಣದಿಲ್ವಾ?" ಎಂದು ಅವರು ನಕ್ಕರು. ಗೆಳೆಯ ಹೇಳಿದ: "ರಸ್ತೆಗೆ ಎಲ್ಲರೂ ಇದಾರಲ್ಲ ಅಮ್ಮಾ, ಈ ದಾರಿಗೆ ಯಾರಿದಾರೆ?"

ಆ ಪ್ರಶ್ನೆಯಲ್ಲಿ ನಮ್ಮ ಚರ್ಚೆಯ ತಿರುಳಿದೆ. ಮನೆಮನೆಗೆ ಬೈಕು ಬಂದ ಮೇಲೆ ಮಲೆನಾಡಿನ ಕಾಲುದಾರಿಗಳು ಒಂದೊಂದಾಗಿ ಸಾಯುತ್ತಿವೆ. ನಡೆಯುವವರಿಲ್ಲದ ದಾರಿಗೆ ಮೊದಲು ಮುಳ್ಳು ಬೆಳೆಯುತ್ತದೆ, ಆಮೇಲೆ ಬೇಲಿ ಬರುತ್ತದೆ. ಉಣುಗೋಲು ಇದ್ದ ಜಾಗದಲ್ಲಿ ಬೀಗ ಹಾಕಿದ ಕಬ್ಬಿಣದ ಗೇಟು ನಿಲ್ಲುತ್ತದೆ. ಕಾಲುಸಂಕ ಮುರಿದು ಬಿದ್ದರೆ ಮತ್ತೆ ಹಾಕುವವರಿಲ್ಲ. ಇನ್ನೂ ನಡೆದೇ ಹೋಗುವವರು ಬಡವರು, ಮುದುಕರು, ಶಾಲೆಯ ಮಕ್ಕಳು. ದಾರಿ ಮುಚ್ಚಿದರೆ ನಷ್ಟ ಅವರಿಗೆ. ಗ್ರಾಮ ನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿಗಳಿಗೆ ಗೆರೆ ಇದೆ. ನೆಲದ ಮೇಲೆ ಆ ಗೆರೆ ಉಳಿದಿದೆಯೇ ಎಂದು ನೋಡುವವರಿಲ್ಲ.

ಸೈಕಲ್ಲಿನವರು ಬಂದರೆ ಈ ದಾರಿಗಳಿಗೆ ಮತ್ತೆ ಬಳಕೆದಾರರು ಸಿಗುತ್ತಾರೆ. ಅವರು ಊರಿನ ಮಾತಿಗೆ ಬದ್ಧರಾಗಿ ಬಂದರೆ ದಾರಿಯ ಪರವಾಗಿ ದನಿ ಎತ್ತುವವರೂ ಆಗಬಲ್ಲರು. ಆದರೆ ಇದೇ ಸಂಗತಿ ತಿರುಗುಬಾಣವೂ ಆಗಬಹುದು. ಊರಿನ ಸಾರ್ವಜನಿಕ ದಾರಿಯನ್ನು ಯಾರೋ ಒಬ್ಬರು ತಮ್ಮ ತಂಗುಮನೆಯ ಅತಿಥಿಗಳ 'ಸವಾರಿ ಹಾದಿ' ಎಂದು ಫಲಕ ಹಾಕಿ, ಕಾಸು ಪಡೆದು, ಕೊನೆಗೆ ದರಗಿನ ಹೆಡಿಗೆಯ ಅಮ್ಮನನ್ನೇ ಪಕ್ಕಕ್ಕೆ ಸರಿಯೆನ್ನುವ ದಿನ ಬರಬಾರದು. ಹಾದಿ ಅವರ ಪಾದಗಳಿಂದ ಆದದ್ದು. ಮೊದಲ ಹಕ್ಕು ಅವರದೇ.

ನಮ್ಮ ಷರತ್ತುಗಳು

ಹಾಗಾದರೆ ಊರಿನ ಸಭೆಯಲ್ಲಿ ಏನು ಹೇಳೋಣ? ನನ್ನ ಸಲಹೆಗಳು ಇವು.

ಮೊದಲನೆಯದು, ಜಾಗ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದ ಪ್ರವೇಶವಿಲ್ಲ. ಮೀಸಲು ಅರಣ್ಯಕ್ಕೂ 1963ರ ಕರ್ನಾಟಕ ಅರಣ್ಯ ಕಾಯ್ದೆಯ ನಿರ್ಬಂಧವಿದೆ. ಅದರಾಚೆಗೂ ಶೋಲಾ ಕಾಡು, ಶಿಖರದ ಹುಲ್ಲುಗಾವಲು, ಹಳ್ಳದ ಮೂಲ ಇವುಗಳಲ್ಲಿ ಚಕ್ರ ಬೇಡ. ಅಲ್ಲಿನ ತೆಳುಮಣ್ಣು ಕಿತ್ತುಹೋದರೆ ಮರಳಿ ಕೂಡಲು ನಮ್ಮ ಆಯುಸ್ಸು ಸಾಲದು.

ಎರಡನೆಯದು, ಕಾಲ. ಮುಂಗಾರು ಹಿಡಿದಂದಿನಿಂದ ಹಾದಿ ಒಣಗುವವರೆಗೆ ಸವಾರಿ ಬೇಡ. ಟೈರಿಗೆ ಮಣ್ಣು ಮೆತ್ತಿಕೊಂಡರೆ ಅಂದು ಹಿಂದಿರುಗಬೇಕು. ಈ ಒಂದು ನಿಯಮ ಪಾಲಿಸಿದರೆ ಅರ್ಧ ಹಾನಿ ತಪ್ಪುತ್ತದೆ.

ಮೂರನೆಯದು, ಎಂಜಿನ್ನು. ಕಾಲಿನ ಬಲದಿಂದ ನಡೆಯುವುದು ಮಾತ್ರ ಸೈಕಲ್ಲು. ಬ್ಯಾಟರಿಯ ಸೈಕಲ್ಲು ಊರ ರಸ್ತೆಯಲ್ಲಿ ಉಪಕಾರಿಯೇ ಸರಿ. ಆದರೆ ಕಡಿದಾದ ಗುಡ್ಡವನ್ನು ದಣಿವಿಲ್ಲದೆ ಹತ್ತು ಸಲ ಏರಿಸುವ ಯಂತ್ರವನ್ನು ಕಾಲುದಾರಿಗೆ ಬಿಟ್ಟರೆ, ದಣಿವೆಂಬ ಸಹಜ ಮಿತಿಯೇ ಇಲ್ಲವಾಗುತ್ತದೆ.

ನಾಲ್ಕನೆಯದು, ಮರ್ಯಾದೆ. ನಡೆಯುವವರು, ಹೊರೆ ಹೊತ್ತವರು, ದನಕರು ಎದುರಾದರೆ ಸವಾರ ಇಳಿದು ನಿಲ್ಲಬೇಕು. ದಣಪೆ ತೆಗೆದವರು ಮರಳಿ ಹಾಕಬೇಕು. ದನದ ಕೊರಳಿಗೆ ದೊಂಟೆ ಇರುವಂತೆ ಸೈಕಲ್ಲಿಗೂ ಗಂಟೆ ಇರಲಿ. ಸದ್ದಿಲ್ಲದೆ ವೇಗವಾಗಿ ಬರುವ ಸೈಕಲ್ಲು ಮನುಷ್ಯರನ್ನಷ್ಟೇ ಅಲ್ಲ, ಪ್ರಾಣಿಗಳನ್ನೂ ಬೆಚ್ಚಿಸುತ್ತದೆ. 2016ರಲ್ಲಿ ಮೊಂಟಾನಾದ ಕಾಡುಹಾದಿಯೊಂದರ ತಿರುವಿನಲ್ಲಿ ಸವಾರನೊಬ್ಬ ಕರಡಿಗೆ ಡಿಕ್ಕಿಯಾಗಿ ಪ್ರಾಣ ಕಳೆದುಕೊಂಡ. ನಮ್ಮಲ್ಲಿ ಆ ತಿರುವಿನಲ್ಲಿ ಕಾಡುಕೋಣವೋ ಆನೆಯೋ ಇರಬಹುದು. ಕತ್ತಲಾದ ಮೇಲೆ ಸವಾರಿ ಬೇಡವೇ ಬೇಡ.

ಐದನೆಯದು, ದುಡಿಮೆ. ಹಾದಿಯಲ್ಲಿ ಓಡಿಸುವವರು ವರ್ಷಕ್ಕೆ ಎರಡು ದಿನವಾದರೂ ಅದರ ದುರಸ್ತಿಗೆ ಬರಬೇಕು. ಮಳೆಗೆ ಮುನ್ನ ಅಡ್ಡ ಬಸಿಗಾಲುವೆ ತೆಗೆಯುವುದು, ಕೊರಕಲಿಗೆ ಕಲ್ಲು ತುಂಬುವುದು, ಕವಲೊಡೆದ ಬದಿದಾರಿಗೆ ಮುಳ್ಳು ಹಾಕಿ ಮುಚ್ಚುವುದು. ಹಾರೆ ಹಿಡಿಯಲು ಒಪ್ಪದವರಿಗೆ ಹ್ಯಾಂಡಲ್ ಹಿಡಿಯುವ ಹಕ್ಕೂ ಇಲ್ಲ.

ಆರನೆಯದು, ಒಪ್ಪಿಗೆ. ಯಾವ ಹಾದಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಹೊಸ ಹಾದಿ ಒಂದು ಮಾರೂ ಆಗಕೂಡದು.

ವಿದ್ಯಾರ್ಥಿಗಳಿಗೆ ಒಂದು ಮಾತು

ಸಾವಿರಾರು ರೂಪಾಯಿ ಕೊಟ್ಟು ಕೊಂಡ ಸೈಕಲ್ಲೇ ಬೇಕೆಂದು ನೀವು ಭಾವಿಸಬೇಕಾಗಿಲ್ಲ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ತೊಡಗಿದ ಮೇಲೆ ಮಲೆನಾಡಿನ ಎಷ್ಟೋ ಹೆಣ್ಣುಮಕ್ಕಳು ಕಲ್ಲುಮಣ್ಣಿನ ದಾರಿಯಲ್ಲಿ ಅದನ್ನೇ ತುಳಿದು ಹೈಸ್ಕೂಲು ಮುಗಿಸಿದರು. ಗೇರಿಲ್ಲ, ಸ್ಪ್ರಿಂಗಿಲ್ಲ, ಕ್ಯಾರಿಯರಿನಲ್ಲಿ ಪುಸ್ತಕದ ಚೀಲ. ಕಲ್ಲುಹಾದಿಯ ಸವಾರಿಯನ್ನು ನಮ್ಮ ಬೆಟ್ಟಗಳಿಗೆ ತಂದವರು ಪೇಟೆಯವರಲ್ಲ, ಈ ಹುಡುಗಿಯರು.

ಈ ಬೇಸಗೆ ರಜೆಯಲ್ಲಿ ಒಂದು ಕೆಲಸ ಮಾಡಿ. ಗ್ರಾಮ ನಕಾಶೆಯ ಪ್ರತಿ ಪಡೆಯಿರಿ. ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಜೊತೆಮಾಡಿಕೊಂಡು, ನಡೆದಾದರೂ ಸರಿ, ಸೈಕಲ್ಲಿನಲ್ಲಾದರೂ ಸರಿ, ಅದರಲ್ಲಿರುವ ಪ್ರತಿಯೊಂದು ಕಾಲುದಾರಿಯನ್ನೂ ಹುಡುಕಿ. ಯಾವುದು ಉಳಿದಿದೆ, ಎಲ್ಲಿ ಬೇಲಿ ಬಂದಿದೆ, ಎಲ್ಲಿ ಸಂಕ ಮುರಿದಿದೆ, ಎಲ್ಲಿ ನೀರು ಕೊರೆದಿದೆ ಎಂದು ಬರೆದುಕೊಳ್ಳಿ. ಯಾವ ದಾರಿಯಲ್ಲಿ ಯಾರು ನಡೆಯುತ್ತಿದ್ದರು ಎಂದು ಹಿರಿಯರನ್ನು ಕೇಳಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ಸೇರಿಸಿ. ಸೈಕಲ್ಲಿಗೆ ಯಾವ ಹಾದಿ ತೆರೆಯಬೇಕು ಎಂಬ ಪ್ರಶ್ನೆ ಆಮೇಲಿನದು. ನಮ್ಮಲ್ಲಿ ಹಾದಿಗಳು ಎಷ್ಟು ಉಳಿದಿವೆ ಎಂಬುದು ಮೊದಲಿನದು.